ಮೂರು ಲೀಟರಿನೊಳಗಿನ ಲೆಕ್ಕ: ಹಳೆಯ 800, ಆಲ್ಟೊಗಳ ಇಂಜಿನ್ ಆಯಿಲ್

ಮಾರುತಿ 800 ತಯಾರಾಗುವುದು ನಿಂತದ್ದು 2014ರ ಜನವರಿಯಲ್ಲಿ. ಅಂದರೆ ಇವತ್ತು ರಸ್ತೆಯಲ್ಲಿ ಕಾಣುವ ಅತಿ ಎಳೆಯ 800ಕ್ಕೂ ಹತ್ತು ವರ್ಷ ದಾಟಿದೆ. ಅದೇ ವಂಶದ 796 ಸಿಸಿ, ಮೂರು ಸಿಲಿಂಡರಿನ ಇಂಜಿನ್ ಹೊತ್ತ ಆಲ್ಟೊ 2000ದಲ್ಲಿ ಬಂತು. ಆಲ್ಟೊ 800 ಎಂಬ ಹೆಸರಲ್ಲಿ 2023ರವರೆಗೂ ಮಾರಾಟವಾಯಿತು. ಈ ಇಂಜಿನ್‌ಗಳು ಸುಲಭಕ್ಕೆ ಸಾಯುವ ಜಾತಿಯವಲ್ಲ. ಸತ್ತರೆ ಕಾರಣ ಹೆಚ್ಚಾಗಿ ಎರಡರಲ್ಲೊಂದು: ನೀರು ಖಾಲಿಯಾಗಿ ಕಾದು ಹೆಡ್ ಗ್ಯಾಸ್ಕೆಟ್ ಹೋಗಿರುತ್ತದೆ, ಇಲ್ಲವೇ ಆಯಿಲ್ ಖಾಲಿಯಾಗಿ ಬೇರಿಂಗ್ ಹಿಡಿದಿರುತ್ತದೆ.

ಈ ಇಂಜಿನ್ ಹಿಡಿಯುವ ಆಯಿಲ್, ಫಿಲ್ಟರಿನದೂ ಸೇರಿ, ಸುಮಾರು ಎರಡೂಮುಕ್ಕಾಲು ಲೀಟರ್. ಮೂರು ಲೀಟರಿನ ಡಬ್ಬಿ ತಂದರೆ ತಳದಲ್ಲಿ ಒಂದಿಷ್ಟು ಉಳಿಯುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಅಂಕಿಯಿಂದಲೇ ಹುಟ್ಟುವ ಮಾತು. ಆರೇಳು ಲೀಟರ್ ಹಿಡಿಯುವ ದೊಡ್ಡ ಡೀಸೆಲ್ ಗಾಡಿಯಲ್ಲಿ ಅರ್ಧ ಲೀಟರ್ ಸೋರಿಹೋದರೆ ಇಂಜಿನ್ನಿಗೆ ಗೊತ್ತೂ ಆಗುವುದಿಲ್ಲ. ಇಲ್ಲಿ ಅರ್ಧ ಲೀಟರ್ ಎಂದರೆ ಹತ್ತಿರ ಹತ್ತಿರ ಐದನೇ ಒಂದು ಪಾಲು. ಒಂದು ಲೀಟರ್ ಹೋದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೋಯಿತು. ಉಳಿದಷ್ಟೇ ಆಯಿಲ್ ಒಂದೂವರೆ ಪಟ್ಟು ಅವಸರದಲ್ಲಿ ಸುತ್ತುತ್ತದೆ, ಬೇಗ ಕಾಯುತ್ತದೆ, ಬೇಗ ಕೆಡುತ್ತದೆ. ಮಸಿ, ನೀರಿನ ಪಸೆ, ಸುಡದೆ ಇಳಿದ ಪೆಟ್ರೋಲ್ ಎಲ್ಲವನ್ನೂ ತಡೆದುಕೊಳ್ಳಬೇಕಾದದ್ದು ಆ ಎರಡೂಮುಕ್ಕಾಲು ಲೀಟರೇ. ಹಾಗಾಗಿ ಹಳೆಯ ಸಣ್ಣ ಕಾರಿನ ಮಟ್ಟಿಗೆ ಯಾವ ಕಂಪನಿಯ ಆಯಿಲ್ ಎಂಬುದು ಮೂರನೇ ಪ್ರಶ್ನೆ. ಎಷ್ಟಿದೆ ಎಂಬುದು ಮೊದಲನೆಯದು, ಯಾವಾಗ ಹಾಕಿದ್ದು ಎಂಬುದು ಎರಡನೆಯದು.

ಎಷ್ಟಿದೆ ಎಂದು ಹೇಳುವುದು ಡಿಪ್‌ಸ್ಟಿಕ್. ಡ್ಯಾಶ್‌ಬೋರ್ಡಿನ ಕೆಂಪು ದೀಪವಲ್ಲ. ಆ ದೀಪ ಮಟ್ಟವನ್ನು ನೋಡುವುದೇ ಇಲ್ಲ, ಒತ್ತಡವನ್ನು ನೋಡುತ್ತದೆ. ಒತ್ತಡ ಬಹುತೇಕ ಸೊನ್ನೆಯ ಹತ್ತಿರ ಇಳಿದ ಮೇಲಷ್ಟೇ ಹೊತ್ತುತ್ತದೆ. ತಿರುವಿನಲ್ಲಿ ಅಥವಾ ಬ್ರೇಕ್ ಒತ್ತಿದಾಗ ಅದು ಒಂದು ಕ್ಷಣ ಮಿಣುಕಿತು ಎಂದರೆ ಆಯಿಲ್ ಒಂದು ಬದಿಗೆ ಸರಿದು ಪಂಪಿನ ಬಾಯಿಗೆ ಗಾಳಿ ಸಿಕ್ಕಿದೆ ಎಂದರ್ಥ. ಆಗುಂಬೆಯಂಥ ಘಾಟಿಯಲ್ಲಿ ಹೀಗಾದರೆ ಮುಂದಿನ ಊರಲ್ಲಿ ನೋಡೋಣ ಎನ್ನದೆ ಅಲ್ಲೇ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಬೇಕು.

ಸುಜುಕಿ ಇಂಜಿನ್‌ಗಳ ಡಿಪ್‌ಸ್ಟಿಕ್ಕಿನ ತುದಿಯಲ್ಲಿ ಸಾಮಾನ್ಯವಾಗಿ ಎರಡು ತೂತುಗಳಿರುತ್ತವೆ. ಮೇಲಿನದು ತುಂಬಿದ ಗುರುತು, ಕೆಳಗಿನದು ಕನಿಷ್ಠ. ಕಾರು ಸಮತಟ್ಟು ಜಾಗದಲ್ಲಿರಲಿ, ಇಂಜಿನ್ ಆರಿಸಿ ಐದು ನಿಮಿಷ ಕಳೆದಿರಲಿ. ಕಡ್ಡಿ ಎಳೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಿ. ಎರಡೂ ಮುಖ ನೋಡಬೇಕು. ಒಂದು ಬದಿ ಹೆಚ್ಚು ಒಂದು ಬದಿ ಕಡಿಮೆ ತೋರಿಸಿದರೆ ಕಡಿಮೆ ತೋರಿಸಿದ್ದೇ ನಿಜ, ಇನ್ನೊಂದು ಕೊಳವೆಯ ಗೋಡೆಗೆ ತಾಗಿ ಬಳಿದುಕೊಂಡದ್ದು. ಹಳೆಯ ಕಾರಿಗೆ ಹದಿನೈದು ದಿನಕ್ಕೊಮ್ಮೆ ಈ ಕೆಲಸ. ದೂರ ಹೊರಡುವ ಬೆಳಿಗ್ಗೆ ತಪ್ಪದೆ.

ಡಬ್ಬಿಯ ಮೇಲಿನ ಅಂಕಿ

20ಡಬ್ಲ್ಯೂ-40, 5ಡಬ್ಲ್ಯೂ-30 ಎಂದು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳಿವೆ. ಮಲೆನಾಡಿನ ಮನೆಯ ಜೋನಿಬೆಲ್ಲವನ್ನು ನೆನಪಿಸಿಕೊಳ್ಳಿ: ಚಳಿಯ ಬೆಳಿಗ್ಗೆ ಸೌಟಿನಿಂದ ಇಳಿಯುವುದೇ ಇಲ್ಲ, ಬಿಸಿ ದೋಸೆಯ ಮೇಲೆ ಬಿದ್ದರೆ ನೀರಾಗಿ ಹರಿಯುತ್ತದೆ. ಆಯಿಲ್ ಕೂಡ ಅಷ್ಟೇ. ಮೊದಲ ಅಂಕಿ ಚಳಿಯಲ್ಲಿ ಎಷ್ಟು ಬಿಗಿಯಾಗುತ್ತದೆ ಎಂಬುದಕ್ಕೆ, ಎರಡನೆಯದು ಕಾದಾಗ ಎಷ್ಟು ದಪ್ಪ ಉಳಿಯುತ್ತದೆ ಎಂಬುದಕ್ಕೆ. 20ಡಬ್ಲ್ಯೂ ದರ್ಜೆಯ ಆಯಿಲನ್ನು ಮೈನಸ್ 15 ಡಿಗ್ರಿಯಲ್ಲಿ, 5ಡಬ್ಲ್ಯೂ ದರ್ಜೆಯದನ್ನು ಮೈನಸ್ 30 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ. ಬೆಂಗಳೂರಿನ ದಾಖಲೆಯ ಚಳಿಯೇ 1884ರ ಜನವರಿಯ 7.8 ಡಿಗ್ರಿ. ಹಾಗಾದರೆ ನಮಗೆ ಮೊದಲ ಅಂಕಿ ಬೇಡವೇ? ಸ್ಟಾರ್ಟ್ ಆಗುವುದಕ್ಕೆ ಬೇಡ, ನಿಜ. ಆದರೆ ರಾತ್ರಿಯಿಡೀ ನಿಂತ ಕಾರಿನ ಮೊದಲ ಕೆಲವು ಸೆಕೆಂಡುಗಳಲ್ಲಿ ಇಂಜಿನ್ನಿನ ಮೇಲ್ಭಾಗದಲ್ಲಿ ವಾಲ್ವ್ ತೆರೆಯಿಸುವ ಕ್ಯಾಮ್‌ಶಾಫ್ಟಿನವರೆಗೆ ಆಯಿಲ್ ಏರಬೇಕಲ್ಲ, ಅಲ್ಲಿ ವ್ಯತ್ಯಾಸ ಇದೆ. 40 ಡಿಗ್ರಿಯಲ್ಲಿ ಸಾಮಾನ್ಯ 5ಡಬ್ಲ್ಯೂ-30 ಸುಮಾರು 60-70 ಸೆಂಟಿಸ್ಟೋಕ್ಸ್ (ದ್ರವದ ದಪ್ಪ ಅಳೆಯುವ ಮಾನ) ದಪ್ಪವಿದ್ದರೆ, 20ಡಬ್ಲ್ಯೂ-50 ಅದರ ಎರಡು ಪಟ್ಟಿಗೂ ಮೇಲೆ.

ಎರಡನೇ ಅಂಕಿಗೆ ಗಡಿಗಳಿವೆ. 100 ಡಿಗ್ರಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ಸ್ ಇದ್ದರೆ 30, ಅಲ್ಲಿಂದ 16.3ರವರೆಗೆ 40, ಮತ್ತೆ 21.9ರವರೆಗೆ 50. ಅಂದರೆ ಕಡಿಮೆ ಗಡಿಯ 40ಕ್ಕೂ ಮೇಲಿನ ಗಡಿಯ 30ಕ್ಕೂ ಕೂದಲೆಳೆಯ ಅಂತರ. ಒಂದು ಗ್ರೇಡ್ ಬದಲಾದರೆ ಇಂಜಿನ್ ಹಾಳಾಯಿತು ಎಂದು ಹೆದರುವವರೂ, ಒಂದು ಗ್ರೇಡ್ ಏರಿಸಿದರೆ ಇಂಜಿನ್ ಹೊಸದಾಯಿತು ಎಂದು ನಂಬುವವರೂ ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಕಾರಿನ ಜೊತೆ ಬಂದ ಪುಸ್ತಕ ಇನ್ನೂ ಇದ್ದರೆ ಅದರಲ್ಲಿ ಉಷ್ಣಾಂಶಕ್ಕೆ ತಕ್ಕ ಗ್ರೇಡಿನ ಪಟ್ಟಿ ಇರುತ್ತದೆ. ಮೊದಲ ಮಾತು ಅದರದು. ಪುಸ್ತಕ ಕಳೆದಿದೆ ಎನ್ನುವವರಿಗೆ ನಮ್ಮ ಊರುಗಳ ಹವೆಗೆ ತಕ್ಕ ಅಂದಾಜು ಇದು. ಆಯಿಲ್ ಕುಡಿಯದ, ಹೊಗೆ ಬಿಡದ ಆಲ್ಟೊ 800ಕ್ಕೆ 5ಡಬ್ಲ್ಯೂ-30. ಕಾರ್ಬುರೇಟರಿನ ಕಾಲದ 800, ಓಮ್ನಿಗಳಿಗೆ, ಹಾಗೆಯೇ ಲಕ್ಷ ಕಿಲೋಮೀಟರ್ ದಾಟಿ ಸ್ವಲ್ಪ ಸ್ವಲ್ಪ ಆಯಿಲ್ ಎಳೆಯುವ ಆಲ್ಟೊಗೆ 15ಡಬ್ಲ್ಯೂ-40 ಅಥವಾ 20ಡಬ್ಲ್ಯೂ-40. ಕಲಬುರಗಿ, ರಾಯಚೂರಿನ ಬೇಸಿಗೆಗೂ ಇಷ್ಟು ಸಾಕು. ಇಂಜಿನ್ನೊಳಗಿನ ಉಷ್ಣಾಂಶವನ್ನು ಹಿಡಿತದಲ್ಲಿಡುವುದು ಹೊರಗಿನ ಬಿಸಿಲಲ್ಲ, ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಫ್ಯಾನು.

ಹಳೆ ಗಾಡಿಗೆ ದಪ್ಪ ಆಯಿಲ್ ಹಾಕಬೇಕು ಎಂಬ ಗ್ಯಾರೇಜಿನ ಮಾತು ಪೂರ್ತಿ ಸುಳ್ಳಲ್ಲ, ಅದೇ ಅದರ ತೊಂದರೆ. ಬೇರಿಂಗ್ ಸವೆದು ಸಂದು ಹೆಚ್ಚಾದಾಗ ತೆಳು ಆಯಿಲ್ ಬೇಗ ಹರಿದುಹೋಗುತ್ತದೆ, ಕಾದ ಇಂಜಿನ್ ಐಡಲ್‌ನಲ್ಲಿರುವಾಗ ಒತ್ತಡ ಬೀಳುತ್ತದೆ. ಅಂಥಲ್ಲಿ 20ಡಬ್ಲ್ಯೂ-50 ಹಾಕಿದರೆ ಒತ್ತಡ ತುಸು ಏರುತ್ತದೆ, ಹೊಗೆ ತುಸು ಇಳಿಯುತ್ತದೆ, ಸದ್ದೂ ಮುಚ್ಚುತ್ತದೆ. ಮುಚ್ಚುತ್ತದೆ ಅಷ್ಟೇ. ಈ ಇಂಜಿನ್‌ನಲ್ಲಿ ಟ್ಯಾಪೆಟ್ ಸಂದನ್ನು, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಎಡೆಯನ್ನು, ಸ್ಕ್ರೂ ತಿರುಗಿಸಿ ಸರಿಮಾಡಬೇಕು; ತಾನಾಗಿ ಸರಿಹೊಂದುವ ಹೈಡ್ರಾಲಿಕ್ ಏರ್ಪಾಡು ಇಲ್ಲ. ಟಕಟಕ ಸದ್ದಿಗೆ ಮದ್ದು ಸಂದು ಅಳೆಯುವ ಫೀಲರ್ ಗೇಜ್ ಹಿಡಿದು ಮಾಡುವ ಒಂದು ಗಂಟೆಯ ಕೆಲಸ, ದಪ್ಪ ಆಯಿಲ್ ಅಲ್ಲ. ಇನ್ನು ಸರಿಯಾಗಿಯೇ ಇರುವ ಇಂಜಿನ್ನಿಗೆ 50 ಸುರಿದರೆ ಲಾಭವೇನೂ ಇಲ್ಲ: ಚಳಿಯಲ್ಲಿ ಪಂಪು ತಳ್ಳಿದ್ದರಲ್ಲಿ ಒಂದು ಪಾಲು ಹೆಚ್ಚಿದ ಒತ್ತಡ ಬಿಡುವ ರಿಲೀಫ್ ವಾಲ್ವ್ ಮೂಲಕ ತಿರುಗಿ ಸಂಪಿಗೇ, ಅಂದರೆ ಇಂಜಿನ್ ತಳದ ಆಯಿಲ್ ತೊಟ್ಟಿಗೇ, ಬೀಳುತ್ತದೆ, ಮೈಲೇಜೂ ಒಂದಿಷ್ಟು ಕಡಿಮೆಯಾಗುತ್ತದೆ.

ಗ್ರೇಡಿನ ಪಕ್ಕದಲ್ಲಿ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಎಂಬ ಗುರುತಿನ ಜೊತೆ ಆಯಿಲಿನ ಗುಣಮಟ್ಟ ಹೇಳುವ ಎರಡಕ್ಷರ ಇರುತ್ತದೆ. ಪೆಟ್ರೋಲ್ ಇಂಜಿನ್ನಿಗೆ ಎಸ್ ಇಂದ ಶುರುವಾಗುವ ಜೋಡಿ. ಎಸ್‌ಎಲ್ 2001ರದು, ಎಸ್‌ಎಮ್ 2004ರದು, ಎಸ್‌ಎನ್ 2010ರದು, ಎಸ್‌ಪಿ 2020ರದು. ಹೊಸದು ಹಳೆಯದರ ಜಾಗದಲ್ಲಿ ನಡೆಯುತ್ತದೆ; ಎಸ್‌ಎನ್ ಅಥವಾ ಎಸ್‌ಪಿ ಇದ್ದರೆ ಮುಗಿಯಿತು. 1980ರ ದಶಕದ ಎಸ್‌ಎಫ್ ಡಬ್ಬಿ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ಮಸಿಯನ್ನು ತೊಳೆದು ತೇಲಿಸಿ ಇಟ್ಟುಕೊಳ್ಳುವ ಶಕ್ತಿ ಅದರಲ್ಲಿ ಕಡಿಮೆ. ಹೊಸ ಆಯಿಲಿನಲ್ಲಿ ಸವೆತ ತಡೆಯುವ ರಂಜಕ, ಸತುವಿನ ಅಂಶ ಕಡಿಮೆಯಂತೆ, ಹಳೆಯ ಕ್ಯಾಮ್ ತಿಂದುಹೋಗುತ್ತದಂತೆ ಎಂಬ ಗುಮಾನಿ ಆಗಾಗ ಓಡಾಡುತ್ತದೆ. 5ಡಬ್ಲ್ಯೂ-30ರಂಥ ತೆಳು ಗ್ರೇಡುಗಳಲ್ಲಿ ರಂಜಕಕ್ಕೆ ಶೇಕಡಾ 0.08ರ ಮಿತಿ ಇರುವುದು ನಿಜ, ಆದರೆ 0.06ಕ್ಕಿಂತ ಇಳಿಯಬಾರದು ಎಂಬ ಕನಿಷ್ಠವೂ ಇದೆ. ಗಟ್ಟಿ ಸ್ಪ್ರಿಂಗಿನ ಭಾರೀ ಅಮೆರಿಕನ್ ಇಂಜಿನ್‌ಗಳ ಚಿಂತೆಯನ್ನು 796 ಸಿಸಿಯ ಮೇಲೆ ಹೇರುವುದು ಬೇಡ.

ಹಳ್ಳಿಮನೆಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಟ್ರಾಕ್ಟರಿನ 15ಡಬ್ಲ್ಯೂ-40 ಡಬ್ಬಿ ಇದ್ದೇ ಇರುತ್ತದೆ. ಅದನ್ನು ಕಾರಿಗೆ ಹಾಕಬಹುದೇ? ಡಬ್ಬಿಯ ಮೇಲೆ ಡೀಸೆಲಿನ ಸಿ ಜೋಡಿಯ ಜೊತೆ ಎಸ್ ಜೋಡಿಯೂ ಇದ್ದರೆ ಧಾರಾಳವಾಗಿ. ಬರೀ ಸಿ ಇದ್ದರೆ ಮಟ್ಟ ಬಿದ್ದ ಹೊತ್ತಿಗೆ ಅರ್ಧ ಲೀಟರ್ ಹಾಕಿಕೊಂಡು ಮನೆ ಸೇರಬಹುದು. ಪೂರ್ತಿ ತುಂಬಿಸಿ ವರ್ಷಗಟ್ಟಲೆ ಓಡಿಸುವುದು ಬೇಡ, ಅದರಲ್ಲಿನ ಹೆಚ್ಚಿನ ಬೂದಿ ಅಂಶ ಸುಟ್ಟು ಸೈಲೆನ್ಸರಿನ ದಾರಿಯಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹತ್ತುತ್ತದೆ. ಬೈಕಿನ ಆಯಿಲ್ ಕೂಡ ಹಾಗೆಯೇ, ತುರ್ತಿಗೆ ಅಡ್ಡಿಯಿಲ್ಲ. ಬೇರೆ ಬೇರೆ ಕಂಪನಿಯ ಆಯಿಲ್ ಬೆರೆತರೆ ಗಟ್ಟಿಯಾಗುತ್ತದೆ ಎಂಬುದು ಬರೀ ಹೆದರಿಕೆ. ಕಡಿಮೆ ಆಯಿಲಿನಲ್ಲಿ ಹತ್ತು ಕಿಲೋಮೀಟರ್ ಓಡಿಸುವುದಕ್ಕಿಂತ ಬೆರಕೆ ಆಯಿಲಿನಲ್ಲಿ ಸಾವಿರ ಕಿಲೋಮೀಟರ್ ಓಡಿಸುವುದು ಲೇಸು.

ಸಿಂಥೆಟಿಕ್ ಹಾಕಿದರೆ ಹಳೆ ಗಾಡಿ ಸೋರುತ್ತದೆ ಎನ್ನುತ್ತಾರೆ. ಸೋರುವುದು ಗಟ್ಟಿಯಾದ ರಬ್ಬರ್ ಸೀಲು. ಅದರ ಬಿರುಕನ್ನು ಇಷ್ಟು ದಿನ ಮಡ್ಡಿ ಮುಚ್ಚಿಕೊಂಡಿತ್ತು, ಒಳ್ಳೆಯ ಆಯಿಲ್ ಆ ಮಡ್ಡಿಯನ್ನು ತೊಳೆಯಿತು. ಹಾಗಿದ್ದರೂ ಸೋರುವ, ಆಯಿಲ್ ಕುಡಿಯುವ ಕಾರಿಗೆ ದುಬಾರಿ ಸಿಂಥೆಟಿಕ್ ಹಾಕುವುದು ದಂಡ. ಅದೇ ದುಡ್ಡಿನಲ್ಲಿ ಮಿನರಲ್ ಆಯಿಲನ್ನು ಎರಡು ಸಲ ಬದಲಿಸಿದರೆ ಈ ಪುಟ್ಟ ಸಂಪಿಗೆ ಹೆಚ್ಚು ಲಾಭ.

ಸೆಕೆಂಡ್ ಹ್ಯಾಂಡ್ ತಂದ, ಹಿಂದಿನ ಚರಿತ್ರೆ ಗೊತ್ತಿಲ್ಲದ ಕಾರಿಗೂ ಇದೇ ದಾರಿ. ತಂದ ವಾರದಲ್ಲೇ ಒಮ್ಮೆ ಆಯಿಲ್ ಮತ್ತು ಫಿಲ್ಟರ್, ಎರಡು-ಮೂರು ಸಾವಿರ ಕಿಲೋಮೀಟರಿಗೆ ಮತ್ತೊಮ್ಮೆ ಎರಡೂ, ಆಮೇಲೆ ಮಾಮೂಲಿ ಲೆಕ್ಕ. ಹಳೆಯ ಮಡ್ಡಿ ನಿಧಾನವಾಗಿ ಕರಗಿ ಹೊರಬರಲಿ. ಅರ್ಧ ಲೀಟರ್ ಡೀಸೆಲ್ ಅಥವಾ ಸೀಮೆಎಣ್ಣೆ ಸುರಿದು ಐದು ನಿಮಿಷ ಓಡಿಸಿ ಇಂಜಿನ್ ತೊಳೆದುಕೊಡುತ್ತೇನೆ ಎನ್ನುವ ಮೆಕ್ಯಾನಿಕ್‌ಗೆ ಕೈಮುಗಿದು ಬೇಡ ಎನ್ನಿ. ಬೇರಿಂಗಿನ ಮೇಲಿನ ಆಯಿಲ್ ಪದರ ತೆಳ್ಳಗಾಗುವುದು ಒಂದು ಕೇಡು. ಅದಕ್ಕಿಂತ ದೊಡ್ಡದು, ಒಮ್ಮೆಲೇ ಕಳಚಿದ ಮಡ್ಡಿಯ ಹೆಪ್ಪು ಹೋಗಿ ಪಂಪಿನ ಬಾಯಿಯ ಜಾಲರಿಯನ್ನು ಮುಚ್ಚುವುದು. ತೊಳೆದು ಹೊಸ ಆಯಿಲ್ ಹಾಕಿದ ಮೂರನೇ ದಿನ ಇಂಜಿನ್ ಹಿಡಿಯಿತು ಎಂಬ ದೂರಿನ ಹಿಂದೆ ಇಂಥ ಜಾಲರಿಯೇ ಇರಬಹುದು.

ಎಷ್ಟಕ್ಕೊಮ್ಮೆ ಬದಲಿಸಬೇಕು? ಹೆದ್ದಾರಿಯಲ್ಲಿ ದಿನಾ ಓಡುವ ಕಾರು ಹತ್ತು ಸಾವಿರ ಕಿಲೋಮೀಟರ್ ತಾಳುತ್ತದೆ. ಆದರೆ ಹಳೆಯ ಸಣ್ಣ ಕಾರಿನ ನಿಜವಾದ ಬದುಕು ಬೇರೆ: ಶಾಲೆಗೆ ಎರಡು ಕಿಲೋಮೀಟರ್, ತರಕಾರಿಗೆ ಒಂದು, ಭಾನುವಾರ ಮದುವೆಮನೆ. ಇಂಜಿನ್ ಪೂರ್ತಿ ಕಾಯುವ ಮೊದಲೇ ನಿಲ್ಲಿಸಿದರೆ ಒಳಗಿನ ನೀರಿನ ಪಸೆ, ಪೆಟ್ರೋಲ್ ಆವಿಯಾಗದೆ ಆಯಿಲಿನಲ್ಲೇ ಉಳಿಯುತ್ತವೆ. ಹೀಗೆ ಓಡುವ ಕಾರಿಗೆ, ಕಚ್ಚಾರಸ್ತೆಯ ಧೂಳು ತಿನ್ನುವ ಕಾರಿಗೆ ಐದು ಸಾವಿರ ಕಿಲೋಮೀಟರ್ ಅಥವಾ ಆರು ತಿಂಗಳು. ಮೂರು ಸಾವಿರವೂ ಓಡದಿದ್ದರೆ ವರ್ಷಕ್ಕೊಮ್ಮೆಯಾದರೂ. ಬಣ್ಣ ನೋಡಿ ತೀರ್ಮಾನಿಸಬೇಡಿ: ಕಪ್ಪಾಯಿತು ಎಂದರೆ ಆಯಿಲ್ ಮಸಿಯನ್ನು ಹಿಡಿದಿಟ್ಟುಕೊಂಡಿದೆ ಎಂದು. ಎಲ್‌ಪಿಜಿ ಕಿಟ್ ಹಾಕಿದ ಕಾರುಗಳಲ್ಲಿ ಮಸಿ ಕಡಿಮೆಯಾದ್ದರಿಂದ ಆಯಿಲ್ ಬಹಳ ದಿನ ಜೇನಿನ ಬಣ್ಣದಲ್ಲೇ ಇರುತ್ತದೆ, ಆದರೆ ಶಾಖಕ್ಕೆ ಒಳಗೊಳಗೇ ಕೆಟ್ಟಿರುತ್ತದೆ.

ಕೊಳ್ಳುವಾಗ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ತಾಲ್ಲೂಕು ಕೇಂದ್ರದ ಬಿಡಿಭಾಗದ ಅಂಗಡಿಯಲ್ಲಾಗಲಿ, ಮುಚ್ಚಳದ ಸೀಲು, ಬಾಯಿಯ ಒಳಗಿನ ಫಾಯಿಲ್, ತಯಾರಾದ ತಿಂಗಳು, ಡಬ್ಬಿಯ ಮತ್ತು ಮುಚ್ಚಳದ ಸಂಖ್ಯೆ ನೋಡಿ. ಬ್ಯಾರೆಲ್‌ನಿಂದ ಅಳೆದುಕೊಡುವ ಲೂಸ್ ಆಯಿಲ್ ಬೇಡ. ಫಿಲ್ಟರಿನಲ್ಲಿ ಐವತ್ತು-ನೂರು ರೂಪಾಯಿ ಉಳಿಸುವುದಂತೂ ಮೂರ್ಖತನ. ಫಿಲ್ಟರಿನೊಳಗೆ ಕಾಗದದ ಜೊತೆಗೆ ಎರಡು ವಾಲ್ವ್ ಇರುತ್ತವೆ. ಒಂದು, ಇಂಜಿನ್ ನಿಂತಾಗ ಆಯಿಲ್ ವಾಪಸ್ ಇಳಿಯದಂತೆ ತಡೆಯುವ ರಬ್ಬರ್ ನಾಲಿಗೆ. ಅಗ್ಗದ ಫಿಲ್ಟರಿನಲ್ಲಿ ಅದು ಬೇಗ ಗಟ್ಟಿಯಾಗಿ, ದಿನಾ ಬೆಳಿಗ್ಗೆ ಮೊದಲ ಎರಡು ಸೆಕೆಂಡ್ ಇಂಜಿನ್ ಖಡಖಡ ಎನ್ನುತ್ತದೆ. ಇನ್ನೊಂದು ಬೈಪಾಸ್, ಕಾಗದ ಕಟ್ಟಿಕೊಂಡಾಗ ಆಯಿಲನ್ನು ಸೋಸದೆಯಾದರೂ ಮುಂದೆ ಬಿಡುವಂಥದ್ದು. ಜೊತೆಗೆ ಡ್ರೇನ್ ಬೋಲ್ಟಿನ ವಾಶರ್ ಒಂದು ಕೇಳಿ ತನ್ನಿ. ಎಲ್ಲರೂ ಮರೆಯುವ ಸಾಮಾನು ಇದು.

ಬದಲಿಸುವ ಕೆಲಸ

ಐದು ನಿಮಿಷ ಇಂಜಿನ್ ಓಡಿಸಿ ಆರಿಸಿ. ಬೆಚ್ಚಗಿದ್ದರೆ ಆಯಿಲ್ ಪೂರ್ತಿ ಇಳಿಯುತ್ತದೆ, ತಳದ ಮಸಿಯೂ ಜೊತೆಗೆ ಬರುತ್ತದೆ. ಆದರೆ ಘಾಟಿ ಹತ್ತಿ ಬಂದ ಬಿಸಿಯಲ್ಲಿ ಕೈ ಹಾಕಿದರೆ ಆಯಿಲೂ ಸೈಲೆನ್ಸರ್ ಪೈಪೂ ಸುಡುತ್ತವೆ. ಕಾರಿನಡಿ ಹೋಗಬೇಕಾದರೆ ಮಟ್ಟಸವಾದ ಗಟ್ಟಿ ನೆಲ, ಹ್ಯಾಂಡ್‌ಬ್ರೇಕ್, ಮೊದಲ ಗೇರ್, ಹಿಂದಿನ ಚಕ್ರಕ್ಕೆ ಕಲ್ಲು. ಡಿಕ್ಕಿಯಲ್ಲಿರುವ ಜ್ಯಾಕ್ ಸ್ಟೆಪ್ನಿ ಹಾಕುವುದಕ್ಕೆ ಮಾತ್ರ. ಅದೊಂದನ್ನೇ ನಂಬಿ ಕಾರಿನಡಿ ತಲೆ ಹಾಕಬೇಡಿ. ಸ್ಟ್ಯಾಂಡ್ ಇರಲಿ, ಇಲ್ಲವೇ ರ‍್ಯಾಂಪ್ ಇರಲಿ. ಎರಡೂ ಇಲ್ಲದಿದ್ದರೆ ಪಿಟ್ ಇರುವ ಗ್ಯಾರೇಜಿಗೇ ಹೋಗಿ ಎದುರು ನಿಂತು ಮಾಡಿಸಿ.

ಮೇಲಿನ ಆಯಿಲ್ ಕ್ಯಾಪ್ ಬಿಚ್ಚಿ. ಕೆಳಗೆ ಸಂಪಿನ, ಅಂದರೆ ಗ್ಯಾರೇಜಿನವರು ಚೇಂಬರ್ ಎನ್ನುವ ಭಾಗದ, ತಳದಲ್ಲಿ ಡ್ರೇನ್ ಬೋಲ್ಟ್ ಇದೆ. ತಲೆಗೆ ಬಿಗಿಯಾಗಿ ಕೂರುವ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್ ಬೇಕು. ಓಪನ್ ಸ್ಪ್ಯಾನರ್, ಹೊಂದಿಸುವ ಸ್ಪ್ಯಾನರ್ ಜಾರಿ ಮೂಲೆಗಳನ್ನು ಉರುಟು ಮಾಡುತ್ತವೆ. ಸಡಿಲವಾದ ಮೇಲೆ ಕೈಯಲ್ಲಿ ಒಳಕ್ಕೆ ಒತ್ತಿಕೊಂಡೇ ತಿರುಗಿಸಿ, ಕೊನೆಯ ಸುತ್ತು ಮುಗಿದಾಗ ಥಟ್ಟನೆ ಪಕ್ಕಕ್ಕೆ ಎಳೆಯಿರಿ. ಆಯಿಲ್ ಮೊದಲು ನೇರ ಬೀಳುವುದಿಲ್ಲ, ಒಂದು ಅಡಿ ಮುಂದಕ್ಕೆ ಹಾರುತ್ತದೆ; ಟಬ್ ಅಲ್ಲಿರಲಿ. ಹತ್ತು-ಹದಿನೈದು ನಿಮಿಷ ತೊಟ್ಟಿಕ್ಕಲಿ. ಮುಂಭಾಗ ಮಾತ್ರ ಎತ್ತಿದ್ದರೆ ಒಳಗೆ ಒಂದಿಷ್ಟು ಉಳಿಯಬಹುದು, ಕೊನೆಗೆ ಕಾರನ್ನು ಮಟ್ಟಕ್ಕೆ ತಂದು ಇಳಿಸಿಕೊಳ್ಳಿ.

ಈ ನಡುವೆ ಬೋಲ್ಟ್ ಒರೆಸಿ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ವಯಸ್ಸಿನ ಸವೆತ. ಬೆರಳಿಗೆ ತಾಗುವ ಹೊಳೆಯುವ ಚೂರುಗಳಿದ್ದರೆ ಬೇರಿಂಗ್ ಹೋಗುತ್ತಿದೆ, ಯಾವ ಆಯಿಲೂ ಅದನ್ನು ನಿಲ್ಲಿಸದು.

ಹೊಸ ವಾಶರ್ ಹಾಕಿ ಬೋಲ್ಟನ್ನು ಬೆರಳಲ್ಲೇ ಶುರುಮಾಡಿ, ವಾಶರ್ ತಾಗುವವರೆಗೂ ಬೆರಳಲ್ಲೇ ಬರಬೇಕು. ಎರಡನೇ ಸುತ್ತಿಗೇ ಸ್ಪ್ಯಾನರ್ ಬೇಕಾಯಿತೆಂದರೆ ಥ್ರೆಡ್ ಅಡ್ಡ ಹತ್ತಿದೆ, ಬಿಚ್ಚಿ ಮತ್ತೆ ಹಿಡಿಸಿ. ಕೊನೆಯ ಬಿಗಿತ ಸುಮಾರು 35 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದವರಿಗೆ, ವಾಶರ್ ತಾಗಿದ ಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತಿನಷ್ಟು. ಬೋಲ್ಟ್ ಹಿಡಿಯುವುದು ಸಂಪಿನ ತಗಡಿಗೆ ಬೆಸೆದ ಒಂದು ಸಣ್ಣ ನಟ್ಟನ್ನು, ಅಷ್ಟೇ. ಉದ್ದ ಪೈಪ್ ಹಾಕಿ ಬಿಗಿದವರ ಪುಣ್ಯದಿಂದ ಹಳೆಯ ಕಾರುಗಳಲ್ಲಿ ಥ್ರೆಡ್ ಹೋಗಿ, ಟೇಪ್ ಸುತ್ತಿ, ಎಂ-ಸೀಲ್ ಮೆತ್ತಿ ಓಡಿಸುವುದನ್ನು ನೋಡಬಹುದು. ಅದಕ್ಕೆ ಸರಿಯಾದ ದಾರಿ ಒಂದು ಅಳತೆ ದೊಡ್ಡ ಬೋಲ್ಟಿಗೆ ಟ್ಯಾಪ್ ಹೊಡೆಸುವುದು, ಆಗದಿದ್ದರೆ ಸಂಪನ್ನೇ ಬದಲಿಸುವುದು.

ಫಿಲ್ಟರಿಗೆ ಫಿಲ್ಟರ್ ರೆಂಚ್ ಇದ್ದರೆ ಒಳ್ಳೆಯದು. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವ ಹಳೇ ಉಪಾಯದಲ್ಲಿ ತಗಡು ಹರಿದು, ಹಿಡಿಯಲು ಏನೂ ಇಲ್ಲದ ಬುಡ ಮಾತ್ರ ಉಳಿಯುವುದುಂಟು. ಬಿಚ್ಚಿದ ಮೇಲೆ ಎಲ್ಲಕ್ಕಿಂತ ಮುಖ್ಯ ಕೆಲಸ: ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಅದರ ಜೊತೆಗೇ ಬಂದಿದೆಯೇ ನೋಡಿ. ಎಷ್ಟೋ ಸಲ ಅದು ಇಂಜಿನ್ನಿಗೇ ಅಂಟಿಕೊಂಡಿರುತ್ತದೆ. ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದರೆ ಎರಡು ಉಂಗುರ ಒಂದರ ಮೇಲೊಂದು. ಐಡಲ್‌ನಲ್ಲಿ ಏನೂ ಕಾಣಿಸದು, ರಸ್ತೆಗಿಳಿದು ಒತ್ತಡ ಏರಿದೊಡನೆ ಒಂದು ಉಂಗುರ ಜಾರಿ ಇಡೀ ಎರಡೂಮುಕ್ಕಾಲು ಲೀಟರ್ ಡಾಂಬರಿನ ಮೇಲೆ. ಹೊಸ ಉಂಗುರಕ್ಕೆ ಬೆರಳಲ್ಲಿ ಆಯಿಲ್ ಸವರಿ, ತಾಗುವವರೆಗೆ ಕೈಯಲ್ಲಿ ತಿರುಗಿಸಿ, ತಾಗಿದ ಮೇಲೆ ಮುಕ್ಕಾಲು ಸುತ್ತು. ರೆಂಚ್ ಬಿಚ್ಚುವುದಕ್ಕೆ, ಬಿಗಿಯುವುದಕ್ಕೆ ಕೈ.

ಮೊದಲು ಎರಡೂವರೆ ಲೀಟರ್ ಸುರಿಯಿರಿ. ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿ. ಕೆಂಪು ದೀಪ ಮೂರು-ನಾಲ್ಕು ಸೆಕೆಂಡಿನಲ್ಲಿ ಆರಬೇಕು, ಆರುವವರೆಗೆ ಆಕ್ಸಿಲರೇಟರ್ ಮುಟ್ಟಬೇಡಿ. ಹತ್ತು ಸೆಕೆಂಡಾದರೂ ಆರದಿದ್ದರೆ ಇಂಜಿನ್ ನಿಲ್ಲಿಸಿ. ಆರಿದರೆ ಎರಡು ನಿಮಿಷ ಓಡಲು ಬಿಟ್ಟು ಕೆಳಗೆ ಬೋಲ್ಟ್, ಫಿಲ್ಟರಿನ ಸುತ್ತ ಟಾರ್ಚ್ ಹಿಡಿದು ನೋಡಿ. ಆರಿಸಿ, ಐದು ನಿಮಿಷ ಕಾದು, ಡಿಪ್‌ಸ್ಟಿಕ್ ನೋಡುತ್ತಾ ನೂರು ನೂರು ಮಿಲಿಲೀಟರಿನಂತೆ ಮೇಲಿನ ತೂತಿನವರೆಗೆ ತನ್ನಿ. ದಾಟಿಸಬೇಡಿ. ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎಂದು ಮೂರು ಲೀಟರಿನ ಡಬ್ಬಿಯನ್ನು ಬೋರಲು ಹಾಕುವವರಿದ್ದಾರೆ. ಮಟ್ಟ ಮೀರಿ ಏರಿದರೆ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತದೆ, ನೊರೆಯಾದ ಆಯಿಲನ್ನು ಪಂಪು ಸರಿಯಾಗಿ ತಳ್ಳಲಾರದು, ಬ್ರೀದರ್ ಪೈಪಿನಿಂದ ಹೊರಟು ಏರ್ ಫಿಲ್ಟರ್ ನೆನೆಸಿ ನೀಲಿ ಹೊಗೆ ಬರುತ್ತದೆ.

ಇಳಿಸಿದ ಆಯಿಲನ್ನು ಹಾಗೇ ಚೆಲ್ಲದೆ ಖಾಲಿ ಡಬ್ಬಿಗೆ ಹಾಕಿ ಅಳೆಯಿರಿ. ಇಷ್ಟು ದಿನ ಕಾರು ನಿಮಗೆ ಹೇಳದೇ ಇದ್ದ ಗುಟ್ಟು ಇಲ್ಲಿದೆ. ಎರಡೂವರೆ ಲೀಟರಿನ ಮೇಲೆ ಬಂದರೆ ಚಿಂತೆಯಿಲ್ಲ. ಒಂದೂವರೆ ಬಂದರೆ, ಹೋದ ಲೀಟರ್ ಎಲ್ಲಿ ಹೋಯಿತು ಎಂದು ಹುಡುಕಬೇಕು.

ಹೋಗುವುದಕ್ಕೆ ದಾರಿ ಎರಡೇ, ಸೋರುವುದು ಇಲ್ಲವೇ ಸುಡುವುದು. ಸೋರಿಕೆಗೆ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್, ಆಯಿಲ್ ಪ್ರೆಶರ್ ಸ್ವಿಚ್, ಹಳೆಯ 800ಗಳಲ್ಲಿ ಡಿಸ್ಟ್ರಿಬ್ಯೂಟರಿನ ಉಂಗುರ ಮೊದಲು ನೋಡಿ. ಮೂರೂ ಅಗ್ಗದ ರಿಪೇರಿ. ಕ್ಯಾಮ್ ಸೀಲು, ಕ್ರ್ಯಾಂಕ್ ಮುಂದಿನ ಸೀಲು ಸೋರುತ್ತಿದ್ದರೆ ತಡಮಾಡಬೇಡಿ. ಈ ಇಂಜಿನ್‌ಗಳಲ್ಲಿರುವುದು ರಬ್ಬರಿನ ಟೈಮಿಂಗ್ ಬೆಲ್ಟ್, ಆಯಿಲ್ ತಾಗಿದರೆ ಅದು ಉಬ್ಬಿ ಹರಿಯುತ್ತದೆ. ಹಿಂದಿನ ಸೀಲು ಸೋರಿದರೆ ಕ್ಲಚ್ ನೆನೆಯುತ್ತದೆ. ಸುಡುವುದನ್ನು ಹೊಗೆ ಹೇಳುತ್ತದೆ. ರಾತ್ರಿ ನಿಂತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ, ಅಥವಾ ಘಾಟಿಯನ್ನು ಗೇರಿನಲ್ಲೇ ಇಳಿದು ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದಾಗ ಒಂದು ಬುಸ್ಸು ನೀಲಿ ಹೊಗೆ ಬಂದರೆ ವಾಲ್ವ್ ಸ್ಟೆಮ್ ಸೀಲು. ಏರು ಹತ್ತುವಾಗ ಉದ್ದಕ್ಕೂ ಬಂದರೆ ಪಿಸ್ಟನ್ ರಿಂಗ್. ಸಾವಿರ ಕಿಲೋಮೀಟರಿಗೆ ಕಾಲು ಲೀಟರ್ ಕುಡಿಯುವ ಹಳೆ ಕಾರಿನ ಜೊತೆ ಟಾಪ್‌ಅಪ್ ಡಬ್ಬಿ ಇಟ್ಟುಕೊಂಡು ಬಾಳಬಹುದು. ಮುಕ್ಕಾಲು ಲೀಟರ್ ದಾಟಿದರೆ ಇಂಜಿನ್ ಬಿಚ್ಚುವ ಲೆಕ್ಕ ಹಾಕಿ.

ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಅದು ಇನ್ನೂ ಕೆಟ್ಟದ್ದು. ಕಡ್ಡಿಯನ್ನು ಮೂಸಿ. ಕಾರ್ಬುರೇಟರಿನ 800ರಲ್ಲಿ ಪೆಟ್ರೋಲ್ ಪಂಪು ಇಂಜಿನ್ನಿಗೇ ಅಂಟಿಕೊಂಡಿದ್ದು ಕ್ಯಾಮ್‌ಶಾಫ್ಟಿನಿಂದ ನಡೆಯುತ್ತದೆ. ಅದರ ಡಯಾಫ್ರಾಮ್ ಹರಿದರೆ ಪೆಟ್ರೋಲ್ ನೇರ ಆಯಿಲಿಗೆ ಇಳಿಯಬಹುದು. ಪೆಟ್ರೋಲಿನ ವಾಸನೆ ಬಂದರೆ ಪಂಪು ಸರಿಮಾಡಿ ಆಯಿಲ್ ಬದಲಿಸುವವರೆಗೆ ಓಡಿಸಬೇಡಿ. ಇನ್ನು ಕ್ಯಾಪಿನ ಒಳಗೆ ಕೆನೆ ಬಣ್ಣದ ಲೋಳೆ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯಲ್ಲಿ ಗಾಬರಿಯ ಫೋನು ಹೋಗುವುದೇ ಇದಕ್ಕೆ. ಕ್ಯಾಪಿನಲ್ಲಷ್ಟೇ ಇದ್ದು ಕಡ್ಡಿಯಲ್ಲಿ ಆಯಿಲ್ ಶುದ್ಧವಿದ್ದರೆ ಅದು ಪಸೆ. ಒರೆಸಿ, ಇಪ್ಪತ್ತು-ಮೂವತ್ತು ಕಿಲೋಮೀಟರ್ ಒಂದೇ ಸಮ ಓಡಿಸಿ, ಹೋಗುತ್ತದೆ. ಕಡ್ಡಿಯಲ್ಲೂ ಹಾಲು ಬೆರೆತಂತಿದ್ದು ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್.

ಹಳೆಯ ಆಯಿಲನ್ನು ಬೇಲಿಗೂಟಕ್ಕೆ, ಬಾಗಿಲ ಚೌಕಟ್ಟಿಗೆ ಗೆದ್ದಲು ಬಾರದಿರಲಿ ಎಂದು ಬಳಿಯುವ ರೂಢಿ ನಮ್ಮಲ್ಲಿ ಹಳೆಯದು. ಮಳೆಗೆ ಅದು ತೊಳೆದುಹೋಗುವುದು ಮನೆಯ ಬಾವಿಯ ಕಡೆಗೇ. ಬಳಸಿದ ಆಯಿಲಿನಲ್ಲಿ ಕ್ಯಾನ್ಸರ್ ತರಬಲ್ಲ ವಸ್ತುಗಳಿರುತ್ತವೆ, ಬದಲಿಸುವಾಗ ಗ್ಲೌಸ್ ಹಾಕುವುದೂ ಅದಕ್ಕೇ. 2016ರ ಕೇಂದ್ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಗ್ಯಾರೇಜುಗಳಲ್ಲಿ ಅದಕ್ಕೆಂದೇ ಡ್ರಮ್ ಇರುತ್ತದೆ, ಸಂಸ್ಕರಿಸುವವರು ಒಯ್ಯುತ್ತಾರೆ, ಅಲ್ಲಿಗೆ ಕೊಡಿ. ಹಳೆಯ ಫಿಲ್ಟರನ್ನು ಬೋರಲು ಹಾಕಿ ಒಂದು ರಾತ್ರಿ ಸೋರಲು ಬಿಟ್ಟು ಅದನ್ನೂ ಕೊಡಿ.

ಹೊಸ ಫಿಲ್ಟರಿನ ಮೈಮೇಲೆ ಮಾರ್ಕರಿನಲ್ಲಿ ತಾರೀಕು ಮತ್ತು ಕಿಲೋಮೀಟರ್ ಬರೆದಿಡಿ; ಸ್ಟಿಕ್ಕರ್ ಬಿದ್ದುಹೋಗುತ್ತದೆ, ಫಿಲ್ಟರ್ ಬೀಳುವುದಿಲ್ಲ. ಖಾಲಿ ಡಬ್ಬಿಯನ್ನು ಗುಜರಿಗೆ ಹಾಕುವ ಮುನ್ನ ತಳಕ್ಕೊಂದು ತೂತು ಹೊಡೆಯಿರಿ. ಇಲ್ಲದಿದ್ದರೆ ಅದೇ ಡಬ್ಬಿ ನಕಲಿ ಆಯಿಲ್ ತುಂಬಿಕೊಂಡು ಮತ್ತೆ ಅಂಗಡಿಗೆ ಬಂದೀತು.